ಮರವಂತೆಯಲ್ಲಿ ಕಸದ ಲೆಕ್ಕ

ಬೆಳಿಗ್ಗೆ ಏಳೂಮುಕ್ಕಾಲು, ಸೆಪ್ಟೆಂಬರ್ ತಿಂಗಳ ಮೂರನೇ ಶನಿವಾರ. ಕುಂದಾಪುರದಿಂದ ಬೈಂದೂರಿನತ್ತ ಹೊರಟ ಬಸ್ಸು ನಿಮ್ಮನ್ನು ಮರವಂತೆಯಲ್ಲಿ ಇಳಿಸಿ ಮುಂದೆ ಹೋಗಿದೆ. ಎಡಕ್ಕೆ ಅರಬ್ಬಿ ಸಮುದ್ರ, ಬಲಕ್ಕೆ ಸೌಪರ್ಣಿಕಾ ನದಿ, ನಡುವೆ ರಾಷ್ಟ್ರೀಯ ಹೆದ್ದಾರಿ 66. ರಾತ್ರಿ ಹೊಯ್ದ ಮಳೆಯ ನೀರು ಡಾಂಬರಿನ ಅಂಚಿನಲ್ಲಿ ಇನ್ನೂ ಹರಿಯುತ್ತಿದೆ, ಅರ್ಧ ಕಡಲಿನ ಕಡೆಗೆ, ಅರ್ಧ ಹೊಳೆಯ ಕಡೆಗೆ. ಆ ನೀರಿನ ಜೊತೆ ಒಂದು ಚಿಪ್ಸ್ ಪೊಟ್ಟಣ, ಎರಡು ಚಹಾದ ಕಪ್ಪು.

ಹೆದ್ದಾರಿಯ ಪಕ್ಕದಲ್ಲಿ ಆರನೇ, ಏಳನೇ ತರಗತಿಯ ಮಕ್ಕಳು ಸಾಲಾಗಿ ನಿಂತಿದ್ದಾರೆ. ಇವತ್ತು ಬೆನ್ನಿನ ಮೇಲೆ ಬ್ಯಾಗಿಲ್ಲ. ಒಬ್ಬರ ಕೈಯಲ್ಲಿ ಗೋಣಿಚೀಲ, ಇನ್ನೊಬ್ಬರ ಕೈಯಲ್ಲಿ ರಟ್ಟಿಗೆ ಕ್ಲಿಪ್ಪು ಹಾಕಿದ ಹಾಳೆ, ಮತ್ತೊಬ್ಬರ ಕೈಯಲ್ಲಿ ಅಮ್ಮ ಅಕ್ಕಿ ಜರಡಿ ಹಿಡಿಯುವ ಜರಡಿ. ಹಿಂದಿನ ಸಾಲಿನ ಹುಡುಗನೊಬ್ಬ ಬಕೆಟ್ಟನ್ನು ತಲೆಗೆ ಟೊಪ್ಪಿ ಮಾಡಿಕೊಂಡಿದ್ದಾನೆ. ನಿಮ್ಮ ಕೈಗೂ ಒಂದು ಜೊತೆ ಗ್ಲೌಸು ಬರುತ್ತದೆ. "ನೀವೂ ಹೆಕ್ಕಬೇಕು, ಸುಮ್ಮನೆ ನೋಡುವ ಹಾಗಿಲ್ಲ," ಎನ್ನುತ್ತಾರೆ ಟೀಚರ್.

ಮರಳಿಗಿಳಿಯುವ ಮುಂಚೆ ಅವರದ್ದು ಮೂರೇ ಮಾತು. ಕಟ್ಟಿದ ಹಗ್ಗ ದಾಟಿ ನೀರಿನ ಕಡೆ ಒಂದು ಹೆಜ್ಜೆಯೂ ಇಲ್ಲ; ಮಳೆಗಾಲ ಮುಗಿಯದ ಮರವಂತೆಯ ಕಡಲನ್ನು ನಂಬಬಾರದು. ಸೂಜಿ, ಒಡೆದ ಗಾಜು, ಡಯಾಪರ್ ಕಂಡರೆ ಮುಟ್ಟದೆ ಕೈ ಎತ್ತಬೇಕು. ಮೂರನೆಯದನ್ನು ಅವರು ಎರಡು ಸಲ ಹೇಳುತ್ತಾರೆ. "ಬರೆಯದೆ ಯಾವುದನ್ನೂ ಚೀಲಕ್ಕೆ ಹಾಕಬಾರದು. ಮೊದಲು ಗೆರೆ, ಆಮೇಲೆ ಚೀಲ."

ಕಡಲ್ಕೊರೆತ ತಡೆಯಲು ಪೇರಿಸಿದ ಬಂಡೆಗಳ ಸಂದಿಯಿಂದ ಜಾಗ್ರತೆಯಾಗಿ ಇಳಿಯುತ್ತೀರಿ. ಬಂಡೆಗಳ ನಡುವಿನ ಕತ್ತಲಲ್ಲಿ ಚಪ್ಪಲಿಗಳು ಸಿಕ್ಕಿಕೊಂಡಿವೆ, ಎಲ್ಲವೂ ಒಂಟಿ. ಕೆಳಗೆ ಮರಳಿನ ಮೇಲೆ ನಿನ್ನೆಯ ಭರತ ಎಲ್ಲಿಯವರೆಗೆ ಬಂದಿತ್ತು ಎನ್ನುವುದು ಸ್ಪಷ್ಟವಾಗಿ ಕಾಣುತ್ತದೆ. ಕಡ್ಡಿ, ತೆಂಗಿನ ಸಿಪ್ಪೆ, ಕಡಲ ಪಾಚಿ, ಅದರೊಳಗೆ ಹೆಣೆದುಕೊಂಡ ನೀಲಿ, ಹಸಿರು, ಬಿಳಿ ಬಣ್ಣದ ತುಣುಕುಗಳು. ಜೂನ್, ಜುಲೈನಲ್ಲಿ ತೆರೆ ಎತ್ತಿ ಎಸೆದದ್ದೆಲ್ಲ ಇಲ್ಲಿ ಒಂದು ಉದ್ದನೆಯ ಪಟ್ಟಿಯಾಗಿ ಉಳಿದಿದೆ.

ಆ ಪಟ್ಟಿಯ ಮೇಲೆ ಮಕ್ಕಳು ಹಗ್ಗದಿಂದ ಚೌಕ ಹಾಕುತ್ತಾರೆ. ಇಡೀ ಕಿನಾರೆಯನ್ನು ಗುಡಿಸುವ ಉದ್ದೇಶ ಯಾರಿಗೂ ಇಲ್ಲ. ಒಂದೊಂದು ಗುಂಪಿಗೆ ಒಂದೊಂದು ಚೌಕ. ಅದರೊಳಗಿನ ಪ್ರತಿಯೊಂದು ವಸ್ತುವಿಗೂ ಲೆಕ್ಕ ಆಗಬೇಕು. ಹಾಳೆಯಲ್ಲಿ ಕಾಲಂಗಳಿವೆ: ಬಾಟಲಿ, ಮುಚ್ಚಳ, ತೊಟ್ಟೆ, ತಿಂಡಿ ಪೊಟ್ಟಣ, ಶಾಂಪೂ ಸ್ಯಾಶೆ, ಗುಟ್ಕಾ ಚೀಟಿ, ಸ್ಟ್ರಾ, ಥರ್ಮಾಕೋಲ್, ಚಪ್ಪಲಿ, ಬಲೆ ಮತ್ತು ಹಗ್ಗ, ಸಿಗರೇಟು ತುಂಡು, ಗಾಜು, ಇತರೆ. ನಾಲ್ಕು ಗೆರೆ ನೆಟ್ಟಗೆ, ಐದನೆಯದು ಅಡ್ಡ.

"ಹೆಕ್ಕಿ ಹೋದರೆ ಜಾಗ ಒಂದು ವಾರ ಚೊಕ್ಕ ಇರ್ತದೆ," ಎಂದು ಟೀಚರ್ ನಿಮ್ಮ ಪಕ್ಕದಲ್ಲಿ ನಡೆಯುತ್ತ ಹೇಳುತ್ತಾರೆ. "ಬರೆದುಕೊಂಡು ಹೋದರೆ ಎಲ್ಲಿಂದ ಬಂತು ಅಂತ ಕೇಳ್ಲಿಕ್ಕೆ ಆಗ್ತದೆ." ಈ ಬರೆಯುವ ಪದ್ಧತಿಗೆ ಒಂದು ಇತಿಹಾಸವಿದೆ. 1986ರಲ್ಲಿ ಅಮೆರಿಕದ ಟೆಕ್ಸಾಸ್ ಕಿನಾರೆಯಲ್ಲಿ ಲಿಂಡಾ ಮರಾನಿಸ್ ಮತ್ತು ಕ್ಯಾಥಿ ಒ'ಹಾರಾ ಎಂಬಿಬ್ಬರು ಊರವರನ್ನು ಸೇರಿಸಿ ಕಸ ತೆಗೆಸಿದರು, ಸಿಕ್ಕಿದ್ದನ್ನೆಲ್ಲ ಕಾರ್ಡಿನಲ್ಲಿ ಬರೆಸಿದರು. ಅದೇ ಮುಂದೆ ಪ್ರತಿ ಸೆಪ್ಟೆಂಬರಿನ ಮೂರನೇ ಶನಿವಾರ ಹಲವು ದೇಶಗಳಲ್ಲಿ ನಡೆಯುವ ಅಂತಾರಾಷ್ಟ್ರೀಯ ಕರಾವಳಿ ಸ್ವಚ್ಛತಾ ದಿನವಾಯಿತು. ಆ ಮೊದಲ ಪಟ್ಟಿಯಾಗಿ ಎರಡು ವರ್ಷಕ್ಕೆ ಕಾನೂನೂ ಬಂತು: ಹಡಗುಗಳಿಂದ ಪ್ಲಾಸ್ಟಿಕ್ ಕಡಲಿಗೆ ಎಸೆಯುವುದನ್ನು ನಿಷೇಧಿಸುವ ಮಾರ್ಪೋಲ್ ಒಪ್ಪಂದದ ಐದನೇ ಅನುಬಂಧ 1988ರ ಕೊನೆಯ ದಿನ ಜಾರಿಗೆ ಬಂತು. "ಕಸ ಜಾಸ್ತಿ ಆಗಿದೆ" ಎಂದು ದೂರಿದರೆ ಕೇಳುವವರು ಕಡಿಮೆ; ಯಾವ ಕಸ, ಎಷ್ಟು, ಎಲ್ಲಿ ಎಂದು ಪಟ್ಟಿ ಹಿಡಿದು ಬಂದವರಿಗೆ ಉತ್ತರ ಕೊಡಲೇಬೇಕಾಗುತ್ತದೆ.

ಎರಡನೇ ಚೌಕದಲ್ಲಿ ಜಗಳ ಶುರುವಾಗಿದೆ. ಬಕೆಟ್ ಟೊಪ್ಪಿಯ ಹುಡುಗ ಥರ್ಮಾಕೋಲ್ ಕಾಲಂಗೆ ಗೆರೆ ಎಳೆದು ಬಿಳಿ ತುಂಡೊಂದನ್ನು ಚೀಲಕ್ಕೆ ಹಾಕಲು ಹೊರಟಿದ್ದಾನೆ. ಅಂಗೈ ಉದ್ದದ, ದೋಣಿಯಾಕಾರದ, ಹತ್ತಿಯಷ್ಟು ಹಗುರ ತುಂಡು. ಮೀನುಗಾರರ ಮನೆಯ ಹುಡುಗಿ ಅವನ ಮಣಿಕಟ್ಟು ಹಿಡಿದಿದ್ದಾಳೆ.

"ಅದ್ ಥರ್ಮಾಕೋಲ್ ಅಲ್ಲ ಮಾರಾಯ, ಕಪ್ಪೆ ಬೊಂಡಾಸಿನ ಮೂಳೆ!"

ಕಪ್ಪೆ ಬೊಂಡಾಸ್ ಎಂದರೆ ಕಟ್ಲ್‌ಫಿಶ್. ಟೀಚರ್ ತೀರ್ಪು ಕೊಡುವುದಿಲ್ಲ, ಪರೀಕ್ಷೆ ಕೊಡುತ್ತಾರೆ. "ಉಗುರಿನಲ್ಲಿ ಕೆರೆ." ಹುಡುಗ ಕೆರೆಯುತ್ತಾನೆ. ಸೀಮೆಸುಣ್ಣದ ಹಾಗೆ ಬಿಳಿ ಪುಡಿ ಉದುರುತ್ತದೆ. ಪಕ್ಕದಲ್ಲಿದ್ದ ನಿಜವಾದ ಥರ್ಮಾಕೋಲನ್ನು ಮುರಿದಾಗ ಅದು ಪುಡಿಯಾಗುವುದಿಲ್ಲ, ಸಾಬೂದಾನಿಯಂಥ ಗುಂಡುಗಳಾಗಿ ಸಿಡಿಯುತ್ತದೆ. ಗಾಳಿಗೆ ಅವು ಹಾರಿ ಬಂಗಡೆ ಬಳ್ಳಿಯ ಎಲೆಗಳ ಕೆಳಗೆ ಸೇರಿಕೊಳ್ಳುತ್ತವೆ. ಎಲ್ಲರೂ ಹಿಂದೆ ಓಡುತ್ತಾರೆ. ನಾಲ್ಕೈದು ಸಿಗುತ್ತವೆ, ಉಳಿದವು ಸಿಗುವುದಿಲ್ಲ. ಒಂದು ತುಂಡನ್ನು ಹೆಕ್ಕುವುದು ಸುಲಭ, ಅದು ನೂರು ಚೂರಾದ ಮೇಲೆ ಹೆಕ್ಕಲು ಬರುವುದಿಲ್ಲ ಎನ್ನುವ ಪಾಠವನ್ನು ಬಾಯಿಬಿಟ್ಟು ಹೇಳುವ ಅಗತ್ಯ ಈಗ ಉಳಿದಿಲ್ಲ. ಮೂಳೆ ಮರಳಿಗೆ ವಾಪಸ್ಸು. ತೆಂಗಿನ ಸಿಪ್ಪೆ, ಪಾಚಿ, ಕೊಳೆತ ಕಟ್ಟಿಗೆಯೂ ಅಲ್ಲೇ ಇರಲಿ. ಅವು ಕಡಲಿನ ಸ್ವತ್ತು, ಏಡಿಗಳ ಊಟ.

ಜರಡಿಯ ಗುಂಪು ಒಣ ಮರಳನ್ನು ಜಾಲಿಸುತ್ತಿದೆ. ಕೂತು ನೋಡಿ. ಚಿಪ್ಪಿನ ಚೂರು, ಇದ್ದಿಲ ಕಣ, ಬಾಟಲಿ ಮುಚ್ಚಳದ ಒಡೆದ ಅಂಚು, ಪೆನ್ನಿನ ರೀಫಿಲ್ ತುದಿ. ನಡುವೆ ಬೆರಳಿನ ಉಗುರಿಗಿಂತ ಚಿಕ್ಕದಾದ ತ್ರಿಕೋನಾಕಾರದ ಪ್ಲಾಸ್ಟಿಕ್ ಚೂರು, ಒಂದು ಬದಿ ಕತ್ತರಿಸಿದಷ್ಟು ನೇರ. ಏನೆಂದು ಯಾರಿಗೂ ಹೊಳೆಯುವುದಿಲ್ಲ. ಕೊನೆಗೆ ಒಬ್ಬಳು ಮೆಲ್ಲಗೆ ಹೇಳುತ್ತಾಳೆ: "ಹಾಲಿನ ಪ್ಯಾಕೆಟಿನ ಮೂಲೆ."

ಹೌದು. ಬೆಳಿಗ್ಗೆ ಅಡುಗೆಮನೆಯಲ್ಲಿ ಕತ್ತರಿ ಹಿಡಿದು ಕತ್ತರಿಸಿ ಬಿಸಾಡಿದ ಮೂಲೆ. ಪ್ಯಾಕೆಟ್ಟನ್ನು ತೊಳೆದು ಒಣಗಿಸಿದರೆ ಗುಜರಿಯವನು ಕೊಳ್ಳುತ್ತಾನೆ, ಆದರೆ ಈ ಮೂಲೆ ತೊಳೆದ ನೀರಿನ ಜೊತೆ ಚರಂಡಿಗಿಳಿಯುತ್ತದೆ. ಇದನ್ನು ತಡೆಯಲು ದುಡ್ಡು ಬೇಡ, ಕಾನೂನು ಬೇಡ. ಮೂಲೆಯನ್ನು ಪೂರ್ತಿ ಕತ್ತರಿಸದೆ ಪ್ಯಾಕೆಟಿಗೆ ಅಂಟಿಕೊಂಡೇ ಇರುವ ಹಾಗೆ ಅರ್ಧ ಸೀಳಿದರೆ ಸಾಕು. "ಇವತ್ತು ಮನೆಯಲ್ಲಿ ಯಾರು ಹಾಲು ಕಾಯಿಸ್ತಾರೋ ಅವರಿಗೆ ಇದನ್ನು ತೋರಿಸಬೇಕು," ಎಂದು ಟೀಚರ್ ಹೋಂವರ್ಕ್ ಕೊಡುತ್ತಾರೆ. ಹಾಳೆಯ 'ಇತರೆ' ಕಾಲಂನಲ್ಲಿ ಹೊಸ ಸಾಲು ಹುಟ್ಟುತ್ತದೆ.

ಜರಡಿಯಲ್ಲಿ ಅಕ್ಕಿಕಾಳಿನಂಥ ಬಿಳಿ ಗುಳಿಗೆ ಇದೆಯೇ ಎಂದೂ ಅವರು ಹುಡುಕಿಸುತ್ತಾರೆ. ಬಾಟಲಿ, ಬಕೆಟ್ಟು ಎಲ್ಲವೂ ತಯಾರಾಗುವ ಮೊದಲು ಕಾರ್ಖಾನೆಗೆ ಬರುವುದು ಇಂಥ ಗುಳಿಗೆಗಳ ರೂಪದಲ್ಲಿ. 2025ರ ಮೇ 25ರಂದು ಕೊಚ್ಚಿಯ ಸಮೀಪ ಎಂಎಸ್‌ಸಿ ಎಲ್ಸಾ 3 ಎಂಬ ಹಡಗು ನೂರಾರು ಕಂಟೇನರುಗಳೊಂದಿಗೆ ಮುಳುಗಿದಾಗ ಕೇರಳದ ದಕ್ಷಿಣದ ಕಿನಾರೆಗಳಲ್ಲಿ ಗುಳಿಗೆಗಳು ರಾಶಿ ರಾಶಿಯಾಗಿ ಬಂದು ಬಿದ್ದವು. ಯಾವ ಮಗುವೂ ಅದನ್ನು ಎಸೆದದ್ದಲ್ಲ, ಯಾವ ಮಗುವಿನ ಒಳ್ಳೆಯ ಅಭ್ಯಾಸವೂ ಅದನ್ನು ತಡೆಯುತ್ತಿರಲಿಲ್ಲ. ಎಲ್ಲದಕ್ಕೂ ತಾವೇ ಹೊಣೆ ಎಂದು ಮಕ್ಕಳಿಗೆ ಅನ್ನಿಸಬಾರದು. ಮನೆಯ ಪಾಲು ಯಾವುದು, ಕಂಪನಿಯ ಪಾಲು ಯಾವುದು, ಸರಕಾರದ ಪಾಲು ಯಾವುದು ಎಂದು ಬಿಡಿಸಿ ನೋಡಲು ಬರಬೇಕು.

ಒಂಬತ್ತು ಗಂಟೆಗೆ ಬಕೆಟ್ಟಿಗೆ ಅದರ ನಿಜವಾದ ಕೆಲಸ ಬರುತ್ತದೆ. ಶಾಲೆಯ ಅಡುಗೆಯಕ್ಕನ ಗಂಡ ಹಗ್ಗದ ಆಚೆಯಿಂದ ಕಡಲ ನೀರು ತುಂಬಿಸಿ ತಂದುಕೊಡುತ್ತಾರೆ. ಮಕ್ಕಳು ಸುತ್ತ ಕುಕ್ಕರುಗಾಲಲ್ಲಿ ಕೂರುತ್ತಾರೆ, ನೀವೂ ಸಂದಿ ಮಾಡಿಕೊಂಡು ಕೂರುತ್ತೀರಿ. ತೇಲುವುದು ಯಾವುದು, ಮುಳುಗುವುದು ಯಾವುದು? ಮೊದಲು ಊಹೆ ಬರೆಯಬೇಕು.

ಮುಚ್ಚಳ ತೇಲುತ್ತದೆ. ಹಾಲಿನ ಪ್ಯಾಕೆಟ್ಟಿನ ಚೂರು ತೇಲುತ್ತದೆ. ನೀರಿನ ಬಾಟಲಿ? "ತೇಲ್ತದೆ!" ಎಂದು ಎಲ್ಲರೂ ಕೂಗುತ್ತಾರೆ. ಮುಚ್ಚಳ ಬಿಗಿದಿದ್ದಾಗ ತೇಲುತ್ತದೆ, ಸರಿ. ಟೀಚರ್ ಮುಚ್ಚಳ ತೆಗೆದು, ನೀರು ತುಂಬಲು ಬಿಟ್ಟು, ಕೈ ತೆಗೆಯುತ್ತಾರೆ. ಬಾಟಲಿ ಓರೆಯಾಗಿ ಇಳಿದು ಬಕೆಟ್ಟಿನ ತಳ ಮುಟ್ಟುತ್ತದೆ. ಬಾಟಲಿ ಪೆಟ್ ಎಂಬ ಪ್ಲಾಸ್ಟಿಕ್ಕಿನದು, ಕಡಲ ನೀರಿಗಿಂತ ಭಾರ. ಮುಚ್ಚಳ ಬೇರೆ ಜಾತಿಯದು, ನೀರಿಗಿಂತ ಹಗುರ. ಹಸಿರು ಪಾಲಿಪ್ರೊಪಿಲೀನ್ ಹಗ್ಗ ತೇಲುತ್ತದೆ, ನೈಲಾನ್ ಬಲೆಯ ತುಂಡು ನಿಧಾನಕ್ಕೆ ಕೆಳಗೆ ಹೋಗುತ್ತದೆ.

ಕಪ್ಪೆ ಬೊಂಡಾಸಿನ ಹುಡುಗಿ ತನ್ನ ಹಾಳೆ ನೋಡುತ್ತಾಳೆ, ಬಕೆಟ್ಟು ನೋಡುತ್ತಾಳೆ. "ಟೀಚರ್, ಹಾಳೆಯಲ್ಲಿ ಮುಚ್ಚಳ ಜಾಸ್ತಿ, ಬಾಟಲಿ ಕಡಿಮೆ. ಹಾಗಾದ್ರೆ ಬಾಟಲಿಯೆಲ್ಲ ಅಡಿಯಲ್ಲಿ ಉಂಟಾ?"

ಬಾಟಲಿಯನ್ನು ಗುಜರಿಗೆ ಹೆಕ್ಕುವವರೂ ಇದ್ದಾರೆ, ಆದ್ದರಿಂದ ಲೆಕ್ಕ ಅಷ್ಟು ಸುಲಭವಲ್ಲ ಎಂದು ಟೀಚರ್ ಸೇರಿಸುತ್ತಾರೆ. ಆದರೂ ಅವಳ ಪ್ರಶ್ನೆಯ ದಾರಿ ಸರಿಯಾಗಿದೆ: ದಡದಲ್ಲಿ ನಮ್ಮ ಕಣ್ಣಿಗೆ ಬೀಳುವುದು ಹೆಚ್ಚಾಗಿ ತೇಲುವ ಜಾತಿಯದು. 2015ರಲ್ಲಿ ಜೆನ್ನಾ ಜಾಂಬೆಕ್ ಮತ್ತು ಸಂಗಡಿಗರು ಅಂದಾಜು ಮಾಡಿದ ಪ್ರಕಾರ 2010ನೇ ಇಸವಿ ಒಂದರಲ್ಲೇ ಕರಾವಳಿ ದೇಶಗಳ ನೆಲದಿಂದ ಕಡಲಿಗಿಳಿದ ಪ್ಲಾಸ್ಟಿಕ್ 48 ಲಕ್ಷದಿಂದ 1 ಕೋಟಿ 27 ಲಕ್ಷ ಟನ್. ಆ ಅಂಕಿ ಕೇಳಿದಾಗ ಮಕ್ಕಳ ಮುಖದಲ್ಲಿ ಏನೂ ಆಗುವುದಿಲ್ಲ. ಬಕೆಟ್ಟಿನ ತಳದ ಬಾಟಲಿಯನ್ನು ಮಾತ್ರ ಬಗ್ಗಿ ಬಗ್ಗಿ ನೋಡುತ್ತಿದ್ದಾರೆ.

ಕೊನೆಗೆ ಟೀಚರ್ ಒಂದು ತೆಳು ತೊಟ್ಟೆಯನ್ನು ಅದೇ ನೀರಿಗೆ ಬಿಟ್ಟು ಕೈಯಾಡಿಸುತ್ತಾರೆ. ಅದು ಉಬ್ಬುತ್ತದೆ, ಕುಗ್ಗುತ್ತದೆ, ಅಂಚು ಅಲುಗುತ್ತದೆ. "ಜೆಲ್ಲಿ ಮೀನು!" ಎಂದು ಕೂಗುತ್ತಾನೆ ಒಬ್ಬ. ಚಳಿಗಾಲದಲ್ಲಿ ಈ ಕರಾವಳಿಗೆ ಮೊಟ್ಟೆಯಿಡಲು ಬರುವ ಆಲಿವ್ ರಿಡ್ಲಿ ಕಡಲಾಮೆಗೆ ಜೆಲ್ಲಿ ಮೀನು ಆಹಾರ. ಮುಂದಿನದನ್ನು ಮಕ್ಕಳೇ ಹೇಳಿ ಮುಗಿಸುತ್ತಾರೆ. ಸತ್ತ ಆಮೆಯ ಚಿತ್ರ ಇಲ್ಲಿ ಯಾರೂ ತೋರಿಸುವುದಿಲ್ಲ. ಅದನ್ನು ನೋಡಿದ ಮಗು ಅಳುತ್ತದೆ, ಮನೆಗೆ ಹೋಗಿ ಮರೆಯುತ್ತದೆ. ತಾನೇ ಮೋಸಹೋದದ್ದನ್ನು ಮರೆಯುವುದು ಅಷ್ಟು ಸುಲಭವಲ್ಲ.

ಬಂಡೆಗಳ ಮೇಲಿನ ಚಪ್ಪರದಡಿ ಬಲೆ ಸರಿಮಾಡುತ್ತ ಕೂತಿದ್ದ ಹಿರಿಯರೊಬ್ಬರು ಇದನ್ನೆಲ್ಲ ಆಗಿನಿಂದ ನೋಡುತ್ತಿದ್ದಾರೆ. "ಹ್ವಾಯ್, ಇಲ್ಲ್ ಬನಿ ಮಕ್ಕಳೇ," ಎಂದು ಕರೆಯುತ್ತಾರೆ. ಮಕ್ಕಳು ಮುತ್ತಿಕೊಳ್ಳುತ್ತಾರೆ. ನೈಲಾನಿನ ಎಳೆ ಅವರ ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಬಿಗಿಯಾಗಿದೆ. ಹರಿದ ಕಣ್ಣುಗಳ ನಡುವೆ ಸೂಜಿ ಹಾಯುತ್ತದೆ.

"ಬಲಿ ಎಳ್ದ್ರೆ ಮೀನಿನ್ ಒಟ್ಟಿಗೆ ತೊಟ್ಟಿಯೂ ಬತ್ತ್."

"ಅದನ್ನ ಎಂತ ಮಾಡ್ತ್ರಿ ಅಜ್ಜಯ್ಯ?"

"ಮೊದ್ಲೆಲ್ಲ ವಾಪಸ್ ನೀರಿಗೇ ಬಿಸಾಡುದ್. ಈಗ ದೋಣಿಯಲ್ಲ್ ಒಂದ್ ಗೋಣಿಚೀಲ ಇತ್ತ್, ಅದ್ರಲ್ಲ್ ತುಂಬ್ಸುದ್. ದಡಕ್ಕೆ ತಂದ್ಮೇಲೆ ಎಲ್ಲ್ ಹಾಕುದ್ ಅಂಬುದೇ ಸಮಸ್ಯೆ."

ಅಜ್ಜಯ್ಯನ ಕೊನೆಯ ಮಾತನ್ನು ಹುಡುಗಿ ಹಾಳೆಯ ಹಿಂಬದಿಯಲ್ಲಿ ಹಾಗೆಯೇ ಬರೆದುಕೊಳ್ಳುತ್ತಾಳೆ. ಕೇರಳದ ಕೊಲ್ಲಂ ಬಳಿಯ ನೀಂಡಕರದಲ್ಲಿ 2017ರಲ್ಲಿ ಶುರುವಾದ ಶುಚಿತ್ವ ಸಾಗರಂ ಯೋಜನೆ ಇದೇ ಸಮಸ್ಯೆಗೆ ಕೈಹಾಕಿತ್ತು. ಬೋಟಿನವರು ಬಲೆಗೆ ಸಿಕ್ಕ ಪ್ಲಾಸ್ಟಿಕ್ಕನ್ನು ಬಂದರಿಗೆ ತಂದರು, ಅಲ್ಲಿ ಅದನ್ನು ತೊಳೆದು ಪುಡಿ ಮಾಡಿ ರಸ್ತೆಯ ಡಾಂಬರಿಗೆ ಸೇರಿಸಲು ಕೊಡುವ ವ್ಯವಸ್ಥೆಯಾಯಿತು. ದೋಣಿಯವನ ಒಳ್ಳೆಯ ಮನಸ್ಸಿನ ಮುಂದುವರಿಕೆಗೆ ದಡದಲ್ಲೊಂದು ತೊಟ್ಟಿ, ಅದನ್ನು ಖಾಲಿ ಮಾಡುವ ಒಂದು ಗಾಡಿ ಬೇಕು.

ಗಾಡಿ ಬಂದೇ ಬರುತ್ತದೆ. ಹತ್ತು ಗಂಟೆಗೆ ಪಂಚಾಯತಿಯ ಸ್ವಚ್ಛವಾಹಿನಿ ಹೆದ್ದಾರಿಯ ಬದಿ ನಿಲ್ಲುತ್ತದೆ. ಇಳಿದ ಇಬ್ಬರು ಹೆಂಗಸರಲ್ಲಿ ಹಿರಿಯರು ಮಕ್ಕಳ ಚೀಲವನ್ನು ಮರಳಿನ ಮೇಲೆ ಸುರಿಸಿ, ಎರಡು ರಾಶಿ ಮಾಡುತ್ತಾರೆ. "ಇದಕ್ಕೆ ರೇಟ್ ಉಂಟು, ಇದಕ್ಕಿಲ್ಲ." ಬಾಟಲಿ, ಮುಚ್ಚಳ, ತೊಳೆದ ಹಾಲಿನ ಪ್ಯಾಕೆಟ್ಟು ಒಂದು ಕಡೆ. ಶಾಂಪೂ ಸ್ಯಾಶೆ, ಚಿಪ್ಸ್ ಪೊಟ್ಟಣ, ಗುಟ್ಕಾ ಚೀಟಿ ಇನ್ನೊಂದು ಕಡೆ. ಈ ಎರಡನೇ ರಾಶಿಯಲ್ಲಿ ಪ್ಲಾಸ್ಟಿಕ್ಕಿಗೆ ಅಲ್ಯುಮಿನಿಯಂ ಪದರ ಅಂಟಿದೆ, ಬಿಡಿಸಲು ಬರುವುದಿಲ್ಲ; ಹೆಚ್ಚೆಂದರೆ ಸಿಮೆಂಟ್ ಕಾರ್ಖಾನೆಯ ಉರುವಲಾಗುತ್ತದೆ. ಮರಳು, ಉಪ್ಪು ಮೆತ್ತಿದರೆ ಮೊದಲನೇ ರಾಶಿಗೂ ಬೆಲೆಯಿಲ್ಲ. "ಕಡಲಿಗೆ ಹೋಗಿ ಬಂದ ಬಾಟ್ಲಿ ನಂಗೆ ಬೇಡ. ಮನೆಯಿಂದಲೇ ಕೊಡಿ, ಹಸಿ ಕಸ ಬೆರೆಸದೆ ಕೊಡಿ."

ಉಡುಪಿ ಜಿಲ್ಲೆಯಲ್ಲಿ ಇಂಥ ಮಾತಿಗೆ ಆಧಾರವಿದೆ. ಇಲ್ಲೇ ಹತ್ತಿರದ ವಂಡ್ಸೆ ಗ್ರಾಮ ಪಂಚಾಯತಿ ಒಣ ಕಸ, ಹಸಿ ಕಸ ಬೇರ್ಪಡಿಸುವ ಎಸ್‌ಎಲ್‌ಆರ್‌ಎಂ (ಘನ ಮತ್ತು ದ್ರವ ಸಂಪನ್ಮೂಲ ನಿರ್ವಹಣೆ) ಘಟಕದಿಂದ ಹೆಸರಾದದ್ದು. ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ಹಲವು ಪಂಚಾಯತಿಗಳ ಒಣ ಕಸವನ್ನು ಒಟ್ಟಿಗೆ ವಿಂಗಡಿಸಲು ದಿನಕ್ಕೆ 10 ಟನ್ ಸಾಮರ್ಥ್ಯದ ಘಟಕ ಬಂದಿದೆ.

ಈಗ ಬಕೆಟ್ ಟೊಪ್ಪಿಯ ಹುಡುಗ ಕಾನೂನಿಗೆ ಬರುತ್ತಾನೆ. "ಪ್ಲಾಸ್ಟಿಕ್ ಬ್ಯಾನ್ ಆಗಿದೆ ಅಲ್ವಾ ಟೀಚರ್? ಮತ್ತೆ ಇದೆಲ್ಲ ಎಲ್ಲಿಂದ?" ಟೀಚರ್ ರಾಶಿಯನ್ನು ಮತ್ತೊಮ್ಮೆ ಬೇರೆ ರೀತಿಯಲ್ಲಿ ಭಾಗ ಮಾಡಿಸುತ್ತಾರೆ. 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧವಾಗಿರುವ ಪ್ಲಾಸ್ಟಿಕ್ ಸ್ಟ್ರಾ, ಕಪ್ಪು, ತಟ್ಟೆ, ಚಮಚ, ಐಸ್‌ಕ್ರೀಂ ಕಡ್ಡಿ, ಬಡ್ಸ್ ಕಡ್ಡಿ, ಅಲಂಕಾರದ ಥರ್ಮಾಕೋಲ್ ಒಂದು ಕಡೆ. ಗುಟ್ಕಾ, ಪಾನ್ ಮಸಾಲಾವನ್ನು ಪ್ಲಾಸ್ಟಿಕ್ ಚೀಟಿಯಲ್ಲಿ ಮಾರಬಾರದೆಂದು 2016ರ ನಿಯಮ ಹೇಳುವುದರಿಂದ ಆ ಚೀಟಿಗಳೂ ಅದೇ ಕಡೆ. ಉಳಿದದ್ದು ಇನ್ನೊಂದು ಕಡೆ. ಎರಡನೇ ರಾಶಿ ದೊಡ್ಡದು. ಸ್ಯಾಶೆ, ಚಿಪ್ಸ್ ಪೊಟ್ಟಣ, ನೀರಿನ ಬಾಟಲಿ ಯಾವುದಕ್ಕೂ ನಿಷೇಧವಿಲ್ಲ. ತಯಾರಿಸಿದ ಕಂಪನಿ ತಾನು ಮಾರುಕಟ್ಟೆಗೆ ಬಿಟ್ಟ ಪ್ಯಾಕಿಂಗಿನ ವಿಲೇವಾರಿಗೆ ಹೊಣೆಯಾಗಬೇಕು ಎಂಬ ನಿಯಮ ಮಾತ್ರ ಇದೆ.

"ಹಾಗಾದ್ರೆ ಅವರು ಬಂದು ತಗೊಂಡು ಹೋಗ್ಬೇಕಿತ್ತಲ್ಲ?"

"ಕೇಳುವ ಪ್ರಶ್ನೆಯೇ," ಎಂದು ಟೀಚರ್ ನಗುತ್ತಾರೆ. "ಬರೆದುಕೋ."

ಇನ್ನೊಂದು ಕೆಲಸ ಬಾಕಿಯಿದೆ. ಇಬ್ಬರು ಶಿಕ್ಷಕರು ಎರಡೂ ಬದಿಯ ವಾಹನಗಳನ್ನು ತಡೆದು ನಿಲ್ಲಿಸಿ, ಮಕ್ಕಳನ್ನು ಹೆದ್ದಾರಿ ದಾಟಿಸುತ್ತಾರೆ. ಆ ಬದಿಯಲ್ಲಿ ಸೌಪರ್ಣಿಕಾ. ಕೊಲ್ಲೂರಿನ ಕಡೆಯ ಕಾಡಿನಿಂದ ಇಳಿದು ಬಂದ ಹೊಳೆ ಇಲ್ಲಿ ಕಡಲಿಗೆ ಒಂದು ರಸ್ತೆಯಷ್ಟು ಸಮೀಪ ಬಂದು, ಸೇರದೆ ತಿರುಗಿ, ಸುಮಾರು 10 ಕಿಲೋಮೀಟರು ಸುತ್ತಿ ಗಂಗೊಳ್ಳಿಯಲ್ಲಿ ಸಮುದ್ರ ಸೇರುತ್ತದೆ. ದಂಡೆಯ ಹುಲ್ಲಿನಲ್ಲಿ ಎಳನೀರಿನ ಸ್ಟ್ರಾ, ಊಟದ ಪೊಟ್ಟಣ, ಪೂಜೆಯ ಹೂವಿನ ಸಮೇತ ಕಟ್ಟಿ ಎಸೆದ ತೊಟ್ಟೆ. ಕಡಲ ಬದಿಯ ಹಾಳೆಯಲ್ಲಿದ್ದ ಕಾಲಂಗಳೇ ಇಲ್ಲೂ ತುಂಬುತ್ತಿವೆ.

ಹತ್ತು ಮೀಟರ್ ಅಂತರದಲ್ಲಿ ಇಬ್ಬರು ನಿಲ್ಲುತ್ತಾರೆ. ಒಬ್ಬ ತೆಂಗಿನ ಸಿಪ್ಪೆಯೊಂದನ್ನು ನೀರಿಗೆ ಎಸೆಯುತ್ತಾನೆ, ಇನ್ನೊಬ್ಬಳು ಟೀಚರ ವಾಚು ಹಿಡಿದು ಎಣಿಸುತ್ತಾಳೆ. ಇಳಿತದ ಹೊತ್ತು, ಸಿಪ್ಪೆ ಆತುರವಿಲ್ಲದೆ ತೆಂಕಕ್ಕೆ ಸಾಗುತ್ತದೆ. ನಲವತ್ತು ಸೆಕೆಂಡು. ರಟ್ಟಿನ ಮೇಲೆ ಲೆಕ್ಕ ನಡೆಯುತ್ತದೆ: ಗಂಟೆಗೆ 900 ಮೀಟರು, 10 ಕಿಲೋಮೀಟರಿಗೆ ಹನ್ನೊಂದು ಗಂಟೆ. ನಡುವೆ ಭರತ ಬಂದು ಹೊಳೆಯನ್ನು ಹಿಂದಕ್ಕೆ ತಳ್ಳುತ್ತದೆ, ದಡದ ಗಿಡಗಂಟಿ ಹಿಡಿದಿಟ್ಟುಕೊಳ್ಳುತ್ತದೆ. ಆದರೂ ಇಲ್ಲಿ ಬಿಟ್ಟದ್ದು ಒಂದೆರಡು ದಿನದಲ್ಲಿ ಗಂಗೊಳ್ಳಿಯ ಅಳಿವೆ ದಾಟಿದರೆ ಆಶ್ಚರ್ಯವಿಲ್ಲ. ಕಡಲನ್ನೇ ಕಾಣದ ಒಳನಾಡಿನ ಊರಿಗೂ ಈ ಲೆಕ್ಕ ಅನ್ವಯಿಸುತ್ತದೆ. ತುಂಗಭದ್ರೆಯ ದಡದ ಶಾಲೆಯ ಮಕ್ಕಳೂ ಬಂಗಾಳ ಕೊಲ್ಲಿಯವರೆಗಿನ ದಾರಿಯನ್ನು ನಕಾಶೆಯಲ್ಲಿ ಬೆರಳಿಟ್ಟು ಹುಡುಕಬಹುದು.

ಹನ್ನೊಂದಕ್ಕೆ ಶಾಲೆಯ ಜಗಲಿ. ಹಾಳೆಗಳೆಲ್ಲ ಒಂದಾಗಿವೆ. ಮಕ್ಕಳ ಗ್ರಾಮಸಭೆಗೆ ಕೊಡಬೇಕಾದ ಮನವಿಯನ್ನು ಬರೆಯುತ್ತಿದ್ದಾರೆ. ಮೊದಲ ಕರಡಿನಲ್ಲಿ 'ಎಲ್ಲರೂ ಪರಿಸರವನ್ನು ಕಾಪಾಡಬೇಕು' ಎಂದಿದೆ. ಟೀಚರ್ ಅದನ್ನು ಕೆಂಪು ಪೆನ್ನಿನಲ್ಲಿ ಹೊಡೆದು ಹಾಕುತ್ತಾರೆ. "ಎಲ್ಲರೂ ಅಂದ್ರೆ ಯಾರೂ ಅಲ್ಲ. ಯಾರು, ಎಲ್ಲಿ, ಯಾವಾಗ ಅಂತ ಬರಿ." ಎರಡನೇ ಕರಡು ಬೇರೆಯೇ ಆಗಿದೆ. ಕಿನಾರೆಯ ಅಂಗಡಿಗಳ ಮುಂದೆ ಮುಚ್ಚಳವಿರುವ ತೊಟ್ಟಿ ಬೇಕು. ದೋಣಿಯಿಂದ ಬರುವ ಕಸಕ್ಕೆ ವಾರಕ್ಕೆರಡು ಸಲ ಗಾಡಿ ಬರಬೇಕು. ಹೆದ್ದಾರಿಯ ಚರಂಡಿ ಕಡಲಿಗಿಳಿಯುವ ಜಾಗಕ್ಕೆ ಜಾಲರಿ ಹಾಕಬೇಕು, ಅದನ್ನು ಯಾರು ಶುಚಿ ಮಾಡುತ್ತಾರೆಂದೂ ಹೇಳಬೇಕು. ಪ್ಲಾಸ್ಟಿಕ್ ಚೀಟಿಯಲ್ಲಿ ಗುಟ್ಕಾ ಮಾರುವುದನ್ನು ಯಾರು ತಪಾಸಣೆ ಮಾಡುತ್ತಾರೆ?

ಅಷ್ಟರಲ್ಲಿ ಹಿಂದಿನಿಂದ ಒಂದು ದನಿ: "ನಮ್ಮ ಶಾಲೆಯಲ್ಲೇ ಪ್ರತಿಭಾ ಕಾರಂಜಿ ಉಂಟಲ್ಲ, ಅವತ್ತು ಶರಬತ್ತು ಎಂತದ್ರಲ್ಲಿ ಕೊಡುದು?"

ಜಗಲಿಯಲ್ಲಿ ಗಲಾಟೆ ಏಳುತ್ತದೆ. ಹೋದ ವರ್ಷ ಪೇಪರ್ ಕಪ್ಪು; ಅದರ ಒಳಗೂ ಪ್ಲಾಸ್ಟಿಕ್ ಲೇಪ ಇರುತ್ತದೆ ಎಂದು ಗಾಡಿಯ ಅಕ್ಕ ಈಗಷ್ಟೇ ಹೇಳಿ ಹೋಗಿದ್ದಾರೆ. ಬಿಸಿಯೂಟದ ಕೋಣೆಯಲ್ಲಿ ಸ್ಟೀಲ್ ಲೋಟಗಳಿವೆ, ಕಡಿಮೆ ಬಿದ್ದರೆ ದೇವಸ್ಥಾನದಿಂದ ತರಬಹುದು. ಸರಿ, ತೊಳೆಯುವವರು ಯಾರು? ಅಡುಗೆಯಕ್ಕ ಬಾಗಿಲಲ್ಲಿ ನಿಂತು, ಅಷ್ಟೂ ಲೋಟ ತನ್ನೊಬ್ಬಳಿಂದ ಆಗುವುದಿಲ್ಲ ಎಂದು ಮೊದಲೇ ಹೇಳುತ್ತಾರೆ. ಹುಡುಗರು ಹುಡುಗಿಯರ ಕಡೆ ನೋಡುತ್ತಾರೆ, ಹುಡುಗಿಯರು ಹುಡುಗರ ಕಡೆ. ಬೆಳಗಿನಿಂದ ಹೆಕ್ಕಿ ದಣಿದವರಿಗೆ, ಕಸ ಹುಟ್ಟದ ಹಾಗೆ ನೋಡಿಕೊಳ್ಳುವುದೂ ಒಂದು ಕೆಲಸ, ಅದಕ್ಕೂ ಮೈ ಬಗ್ಗಿಸಬೇಕು ಎಂಬುದು ಈಗ ಅರ್ಥವಾಗುತ್ತಿದೆ. ಹತ್ತು ನಿಮಿಷದ ವಾದದ ನಂತರ ಪಾಳಿಯ ಪಟ್ಟಿ ತಯಾರಾಗುತ್ತದೆ, ಗಂಟೆಗೆ ನಾಲ್ಕು ಜನ, ಇಬ್ಬರು ಹುಡುಗರು, ಇಬ್ಬರು ಹುಡುಗಿಯರು. ದೊಡ್ಡವರೂ ಇರಬೇಕೆಂದು ಹಠ ಹಿಡಿದು ಮಕ್ಕಳು ಪಟ್ಟಿಯ ಮೊದಲ ಸಾಲಿನಲ್ಲಿ ಹೆಡ್‌ಮಾಸ್ಟ್ರ ಹೆಸರು ಬರೆಯುತ್ತಾರೆ. ಅವರು ಕನ್ನಡಕ ಸರಿಮಾಡಿಕೊಂಡು ಪಟ್ಟಿಯನ್ನು ಓದಿ, ಕೆಳಗೆ ಸಹಿ ಹಾಕುತ್ತಾರೆ. ಮತ್ತೆ ಪೆನ್ನು ಎತ್ತಿ, ನೋಟಿಸ್ ಬೋರ್ಡಿಗೆ ಹಾಕುವ ಮುಂಚೆ ಎರಡನೇ ಸಾಲಿನಲ್ಲಿ ಟೀಚರ ಹೆಸರನ್ನೂ ಸೇರಿಸುತ್ತಾರೆ.